ಬಾಡಿಗೆ ಕರಾರು ಎಷ್ಟು ತಿಂಗಳಿಗೆ ಅನ್ನುವ ಮುಂಚೆ ಕೇಳಬೇಕಾದ ಪ್ರಶ್ನೆ

ಸಂಪಾದಕರೇ,

ಬಾಡಿಗೆ ಮನೆಯ ಮಾತು ಬಂದಾಗಲೆಲ್ಲ ಚರ್ಚೆ ಒಂದೇ ಕಡೆ ಹೋಗಿ ನಿಲ್ಲುತ್ತದೆ. ಕರಾರು ಚಿಕ್ಕದಿರಬೇಕಾ, ದೊಡ್ಡದಿರಬೇಕಾ? ಮಾಲೀಕರಿಗೆ ಚಿಕ್ಕದು ಒಳ್ಳೆಯದು, ಬಾಡಿಗೆದಾರರಿಗೆ ದೊಡ್ಡದು ಒಳ್ಳೆಯದು ಅಂತ ಎಲ್ಲರೂ ಒಪ್ಪಿಕೊಂಡು ಎದ್ದು ಹೋಗುತ್ತಾರೆ. ನನಗೆ ಈ ಲೆಕ್ಕ ಸರಿ ಅನ್ನಿಸುವುದಿಲ್ಲ. ಹನ್ನೊಂದು ತಿಂಗಳೋ ಐದು ವರ್ಷವೋ ಅನ್ನುವುದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಕರಾರಿನಿಂದ ಯಾರು, ಯಾವಾಗ, ಯಾವ ಕಾರಣಕ್ಕೆ ಹೊರಗೆ ಬರಬಹುದು? ಬಂದರೆ ಎಷ್ಟು ಕೊಡಬೇಕು? ಬಾಡಿಗೆ ಎಷ್ಟು ಏರಬಹುದು ಅನ್ನುವುದು ಮೊದಲೇ ಗೊತ್ತಿದೆಯಾ? ಇಷ್ಟಕ್ಕೆ ಉತ್ತರ ಇಲ್ಲದ ಐದು ವರ್ಷದ ಕರಾರು ಬಾಡಿಗೆದಾರನನ್ನು ಕಟ್ಟಿಹಾಕುತ್ತದೆ. ಉತ್ತರ ಸರಿಯಾಗಿದ್ದರೆ ಅವಧಿಯೇ ಬರೆಯದ ಕರಾರೂ ಇಬ್ಬರಿಗೂ ನೆಮ್ಮದಿ ಕೊಡುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಜನ ಸಂಸಾರ ಹೂಡಿ ಬದುಕುವ ಮನೆಗೆ ದೀರ್ಘಾವಧಿ ಕರಾರೇ ಸಾಮಾನ್ಯ ನಿಯಮ ಆಗಬೇಕು. ಅದರಲ್ಲಿ ಬಾಡಿಗೆದಾರ ಸರಿಯಾದ ನೋಟಿಸ್ ಕೊಟ್ಟು ಹೊರಡಬಹುದು. ಮಾಲೀಕ ಮಾತ್ರ ಕರಾರಿನಲ್ಲಿ ಬರೆದ ಕಾರಣ ಇದ್ದಾಗಷ್ಟೇ ಖಾಲಿ ಮಾಡಿಸಬಹುದು. ಅಲ್ಪಾವಧಿ ಕರಾರು ಬೇಕೇ ಬೇಕಾದ ಸಂದರ್ಭಗಳೂ ಇವೆ. ಅಲ್ಲಿ ಯಾಕೆ ಬೇಕು ಅಂತ ಕಾಗದದಲ್ಲಿ ಬರೆಯಲಿ.

ಚಿಕ್ಕ ಕರಾರಿನಿಂದ ಬಾಡಿಗೆದಾರನಿಗೆ ಆಗುವ ತೊಂದರೆ ಅಂದರೆ ಪದೇ ಪದೇ ಮನೆ ಬದಲಿಸುವುದು ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ. ಅದೂ ಇದೆ. ಸಾಮಾನು ಸಾಗಿಸುವ ಖರ್ಚು, ಮಕ್ಕಳ ಶಾಲೆ, ವಿಳಾಸ ಬದಲಾದ ಮೇಲೆ ತಿದ್ದಿಸಬೇಕಾದ ಹತ್ತಾರು ದಾಖಲೆ. ಆದರೆ ಅದಕ್ಕಿಂತ ದೊಡ್ಡ ತೊಂದರೆ ಮನೆಯಲ್ಲೇ ಇರುವಾಗ ಆಗುತ್ತದೆ. ಬಾಡಿಗೆದಾರ ಮಾತಾಡುವುದನ್ನೇ ನಿಲ್ಲಿಸುತ್ತಾನೆ. ಬಚ್ಚಲಲ್ಲಿ ನೀರು ಸೋರುತ್ತಿದೆ, ಗೋಡೆ ತೇವ ಹಿಡಿದು ಮಗುವಿಗೆ ಕೆಮ್ಮು ಬಿಡುತ್ತಿಲ್ಲ, ವೈರಿಂಗ್ ಹಳೆಯದಾಗಿ ಸ್ವಿಚ್ ಮುಟ್ಟಿದರೆ ಜುಮ್ ಅನ್ನುತ್ತದೆ. ಹೇಳೋಣ ಅಂದರೆ ಎರಡು ತಿಂಗಳಲ್ಲಿ ಅಗ್ರಿಮೆಂಟ್ ಮುಗಿಯುತ್ತದೆ, ರಿನ್ಯೂ ಮಾಡುವವರೂ ಅವರೇ. ಸುಮ್ನೆ ಯಾಕೆ ಎದುರು ಹಾಕಿಕೊಳ್ಳುವುದು ಅಂತ ಬಾಯಿ ಮುಚ್ಚಿಕೊಳ್ಳುತ್ತಾರೆ. ದುರಸ್ತಿ ಮಾಡಿಸಿಕೊಳ್ಳುವ ಹಕ್ಕು ಕಾನೂನಿನಲ್ಲಿ ಎಷ್ಟೇ ಚೆನ್ನಾಗಿ ಬರೆದಿರಲಿ, ಆರು ತಿಂಗಳಿಗೋ ವರ್ಷಕ್ಕೋ ಮನೆಯೇ ಕೈಬಿಟ್ಟು ಹೋಗಬಹುದಾದವನು ಆ ಹಕ್ಕನ್ನು ಬಳಸುವುದಿಲ್ಲ.

ಇದು ಬರೀ ಊಹೆ ಅಲ್ಲ. ಇಂಗ್ಲೆಂಡಿನಲ್ಲಿ 1988ರ ವಸತಿ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ, ಕರಾರಿನ ಅವಧಿ ಮುಗಿದ ಮೇಲೆ ಮಾಲೀಕರು ಯಾವ ಕಾರಣವನ್ನೂ ಕೊಡದೆ ಎರಡು ತಿಂಗಳ ನೋಟಿಸ್ ಮೇಲೆ ಮನೆ ಖಾಲಿ ಮಾಡಿಸಬಹುದಿತ್ತು. ದುರಸ್ತಿ ಕೇಳಿದವರಿಗೆ ಆ ನೋಟಿಸ್ ಕಳಿಸುವುದು ಎಷ್ಟು ಬೆಳೆಯಿತು ಅಂದರೆ, ಅದಕ್ಕೆ ಕಡಿವಾಣ ಹಾಕಲು 2015ರಲ್ಲಿ ಬೇರೆಯೇ ಒಂದು ಕಾನೂನು ತರಬೇಕಾಯಿತು. ಅದೂ ಸಾಕಾಗಲಿಲ್ಲ. ಕೊನೆಗೆ 2025ರಲ್ಲಿ ಅಲ್ಲಿನ ಸಂಸತ್ತು ಹೊಸ ಕಾಯ್ದೆ ಮಾಡಿ 21ನೇ ಸೆಕ್ಷನ್ನನ್ನೇ ತೆಗೆಯಿತು, ನಿಗದಿತ ಅವಧಿಯ ವಾಸದ ಕರಾರನ್ನೂ ತೆಗೆಯಿತು. ಬಾಡಿಗೆದಾರ ಎರಡು ತಿಂಗಳ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ಹೊರಡಬಹುದು. ಮಾಲೀಕನಿಗೆ ಮಾತ್ರ ಕಾನೂನಿನಲ್ಲಿ ಪಟ್ಟಿ ಮಾಡಿದ ಕಾರಣ ಬೇಕು. ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಚಿಕ್ಕ ಕರಾರನ್ನು ಇಟ್ಟುಕೊಂಡಿದ್ದ ಒಂದು ದೇಶ ಈ ತೀರ್ಮಾನಕ್ಕೆ ಬಂತು ಅನ್ನುವುದನ್ನು ಗಮನಿಸಬೇಕು.

ಈಗ ಮಾಲೀಕರ ಕಡೆ ಬರೋಣ, ಯಾಕಂದರೆ ಚಿಕ್ಕ ಕರಾರು ಅವರಿಗೆ ಲಾಭ ಅನ್ನುವ ನಂಬಿಕೆಯೇ ಈ ಗೊಂದಲದ ಬೇರು. ವರ್ಷಕ್ಕೊಮ್ಮೆ ಕರಾರು ಮುಗಿದರೆ ವರ್ಷಕ್ಕೊಮ್ಮೆ ಬಾಡಿಗೆ ಏರಿಸಬಹುದು, ಒಪ್ಪದಿದ್ದರೆ ಹೊಸಬರನ್ನು ತರಬಹುದು. ಕೇಳಲು ಸರಿಯಾಗಿಯೇ ಇದೆ. ಪೆನ್ನು ಹಿಡಿದು ಲೆಕ್ಕ ಹಾಕಿ ನೋಡಿ. ತಿಂಗಳ ಬಾಡಿಗೆ 100 ಅಂತ ಇಟ್ಟುಕೊಳ್ಳಿ. ಈಗ ಇರುವವರು ವರ್ಷಪೂರ್ತಿ ಇದ್ದರೆ 1200 ಬರುತ್ತದೆ. ಅವರನ್ನು ಕಳಿಸಿ ಬಾಡಿಗೆಯನ್ನು 110ಕ್ಕೆ ಏರಿಸಿ ಹೊಸಬರನ್ನು ತಂದಿರಿ, ನಡುವೆ ಒಂದೇ ಒಂದು ತಿಂಗಳು ಮನೆ ಖಾಲಿ ಇತ್ತು. ಹನ್ನೊಂದು ತಿಂಗಳಿಗೆ ಬರುವುದು 1210. ನೂರಕ್ಕೆ ಹತ್ತರಷ್ಟು ಏರಿಸಿ ವರ್ಷದ ಕೊನೆಗೆ ಉಳಿದಿದ್ದು ಬರೀ 10. ಅದರಲ್ಲಿ ಪೇಂಟಿಂಗ್ ಮಾಡಿಸಬೇಕು, ಬ್ರೋಕರ್‌ಗೆ ಕೊಡಬೇಕು, ನಲ್ಲಿ ರಿಪೇರಿ ಮಾಡಿಸಬೇಕು. ಅದೇ ಹಳೆಯ ಬಾಡಿಗೆದಾರ ನೂರಕ್ಕೆ ಐದು ಹೆಚ್ಚಿಗೆ ಕೊಡಲು ಒಪ್ಪಿ ಉಳಿದಿದ್ದರೆ 1260 ಬರುತ್ತಿತ್ತು, ಮನೆಗೆ ಬ್ರಷ್ ಮುಟ್ಟಿಸುವ ಅಗತ್ಯವೂ ಇರುತ್ತಿರಲಿಲ್ಲ.

ಇನ್ನೂ ಹೇಳಬೇಕು ಅಂದರೆ, ಒಂದು ತಿಂಗಳು ಮನೆ ಖಾಲಿ ಬಿದ್ದರೆ ಆ ನಷ್ಟವನ್ನು ಆ ವರ್ಷವೇ ತುಂಬಿಕೊಳ್ಳಲು ಬಾಡಿಗೆ ನೂರಕ್ಕೆ ಒಂಬತ್ತಕ್ಕಿಂತ ಜಾಸ್ತಿ ಏರಬೇಕು. ಎರಡು ತಿಂಗಳು ಖಾಲಿ ಬಿದ್ದರೆ ನೂರಕ್ಕೆ ಇಪ್ಪತ್ತು. ಮುಂದಿನ ವರ್ಷವೂ ಹೆಚ್ಚಿದ ಬಾಡಿಗೆ ಬರುತ್ತದಲ್ಲ ಅಂತ ಕೆಲವರು ಕೇಳಬಹುದು. ಬರುತ್ತದೆ, ಹೊಸಬರು ಉಳಿದರೆ. ಹೊಸಬರನ್ನೂ ಹಾಗೆಯೇ ವರ್ಷಕ್ಕೆ ಕಳಿಸಿದರೆ ಮತ್ತೆ ಅದೇ ಖಾಲಿ ತಿಂಗಳು, ಅದೇ ಪೇಂಟಿಂಗ್. ಬಾಡಿಗೆ ದರ ಜೋರಾಗಿ ಏರುತ್ತಿರುವ ಒಂದೆರಡು ವರ್ಷ ಬಿಟ್ಟರೆ, ಚಿಕ್ಕ ಮಾಲೀಕನಿಗೆ, ಅಂದರೆ ಒಂದೋ ಎರಡೋ ಮನೆ ಇಟ್ಟುಕೊಂಡು ಅದರ ಬಾಡಿಗೆಯಲ್ಲೇ ಸಂಸಾರ ನಡೆಸುವವರಿಗೆ, ಹೆಚ್ಚು ಪೆಟ್ಟು ಕೊಡುವುದು ಕಡಿಮೆ ಬಾಡಿಗೆ ಅಲ್ಲ, ಬಾಡಿಗೆಯೇ ಬಾರದ ತಿಂಗಳು. ದೊಡ್ಡ ಕಂಪನಿಗಳಿಗೆ ನೂರಾರು ಮನೆಗಳಿರುತ್ತವೆ, ನಾಲ್ಕು ಖಾಲಿ ಬಿದ್ದರೂ ಅವು ತಡೆದುಕೊಳ್ಳುತ್ತವೆ. ಒಂದೇ ಮನೆ ಇರುವವರಿಗೆ ಅದು ಖಾಲಿ ಅಂದರೆ ಆದಾಯ ಪೂರ್ತಿ ನಿಂತ ಹಾಗೆ ಅಲ್ವಾ?

ಮನೆ ಹೇಗಿರುತ್ತದೆ ಅನ್ನುವುದೂ ಇದಕ್ಕೆ ಸೇರಿದ್ದೇ. ನಾಲ್ಕೈದು ವರ್ಷ ಇರುತ್ತೇನೆ ಅಂತ ಗೊತ್ತಿರುವವನು ಸೊಳ್ಳೆ ಪರದೆ ಹಾಕಿಸುತ್ತಾನೆ, ಸೋರುವ ನಲ್ಲಿಗೆ ತಾನೇ ವಾಷರ್ ಹಾಕುತ್ತಾನೆ, ಅಕ್ಕಪಕ್ಕದವರ ಜೊತೆ ಚೆನ್ನಾಗಿರುತ್ತಾನೆ. ಬರುವ ಬೇಸಿಗೆಗೆ ಎಲ್ಲಿರುತ್ತೇನೋ ಗೊತ್ತಿಲ್ಲದವನು ಇದನ್ನೆಲ್ಲ ಯಾಕೆ ಮಾಡಬೇಕು?

ಹಾಗಂತ ಮಾಲೀಕರ ಭಯವನ್ನು ನಾನು ತಳ್ಳಿಹಾಕುತ್ತಿಲ್ಲ. ಬಾಡಿಗೆ ಕೊಡದೆ ಕೂತರೆ ಏನು ಮಾಡುವುದು? ಮಗಳು ಮದುವೆಯಾಗಿ ಇಲ್ಲೇ ಬರುತ್ತಾಳೆ ಅಂದರೆ? ಆಸ್ಪತ್ರೆ ಖರ್ಚಿಗೆ ಮನೆ ಮಾರಬೇಕಾದರೆ? ಇವು ಸುಳ್ಳು ಭಯಗಳಲ್ಲ. ಆದರೆ ಇವಕ್ಕೆ ಚಿಕ್ಕ ಕರಾರು ಔಷಧಿ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಬಾಡಿಗೆ ಕೊಡದೆ, ಮನೆಯನ್ನೂ ಬಿಡದೆ ಕೂರುವವನ ಹತ್ತಿರ ಹನ್ನೊಂದು ತಿಂಗಳ ಕಾಗದ ಇದ್ದರೇನು, ಐದು ವರ್ಷದ್ದು ಇದ್ದರೇನು? ಅವಧಿ ಮುಗಿಯಿತು ಅಂತ ಅವನು ತಾನಾಗಿ ಎದ್ದು ಹೋಗುವುದಿಲ್ಲ. ಬೀಗ ಬದಲಿಸುವುದು, ಕರೆಂಟ್ ತೆಗೆಸುವುದು ಕಾನೂನಿಗೆ ವಿರುದ್ಧ. ಎರಡೂ ಕಡೆ ಕೋರ್ಟಿಗೇ ಹೋಗಬೇಕು. ಅಲ್ಲಿ ಎಷ್ಟು ಬೇಗ ತೀರ್ಪು ಸಿಗುತ್ತದೆ ಅನ್ನುವುದೇ ಮಾಲೀಕನ ನಿಜವಾದ ರಕ್ಷಣೆ. ಬಾಡಿಗೆ ಬಾಕಿಯ ವ್ಯಾಜ್ಯ ವರ್ಷಗಟ್ಟಲೆ ಎಳೆಯುವ ಕಡೆ ಮಾಲೀಕರು ಹೆದರಿ ಚಿಕ್ಕ ಕರಾರಿಗೆ ಅಂಟಿಕೊಳ್ಳುತ್ತಾರೆ. ಆ ಹೆದರಿಕೆಗೆ ಬೆಲೆ ತೆರುವವರು ಮಾತ್ರ ಸರಿಯಾಗಿ ಬಾಡಿಗೆ ಕೊಡುವ ಬಾಡಿಗೆದಾರರು. ಮಾಲೀಕರ ಸಂಘಗಳು ಕೇಳಬೇಕಾದದ್ದು ಬೇಗ ಮುಗಿಯುವ ವಿಚಾರಣೆಯನ್ನು, ಚಿಕ್ಕ ಕರಾರನ್ನಲ್ಲ.

ಸ್ವಂತಕ್ಕೆ ಮನೆ ಬೇಕಾದಾಗ ಏನು ಅನ್ನುವುದಕ್ಕೆ ಬೇರೆ ದೇಶಗಳಲ್ಲಿ ಒಳ್ಳೆಯ ಉತ್ತರಗಳಿವೆ. ಸ್ಪೇನಿನಲ್ಲಿ ಮಾಲೀಕ ಖಾಸಗಿ ವ್ಯಕ್ತಿಯಾಗಿದ್ದರೆ ಬಾಡಿಗೆದಾರ ಐದು ವರ್ಷ, ಕಂಪನಿಯಾಗಿದ್ದರೆ ಏಳು ವರ್ಷ ಇರಬಹುದು. 2019ರಿಂದ ಈ ನಿಯಮ ಇದೆ. ಕರಾರು ಒಂದು ವರ್ಷಕ್ಕೆ ಅಂತ ಬರೆದಿದ್ದರೂ ಬಾಡಿಗೆದಾರ ಬಯಸಿದರೆ ಅಷ್ಟು ವರ್ಷ ಮುಂದುವರಿಯುತ್ತದೆ. ಆದರೆ ಮನೆ ಸ್ವಂತಕ್ಕೋ ಹತ್ತಿರದ ಕುಟುಂಬದವರಿಗೋ ಬೇಕಾಗಬಹುದು ಅಂತ ಖಾಸಗಿ ಮಾಲೀಕ ಸಹಿ ಹಾಕುವಾಗಲೇ ಬರೆಸಿದ್ದರೆ, ಮೊದಲ ವರ್ಷ ಕಳೆದ ಮೇಲೆ ಎರಡು ತಿಂಗಳ ನೋಟಿಸ್ ಕೊಟ್ಟು ವಾಪಸ್ ಪಡೆಯಬಹುದು. ನೆಪ ಹೇಳಿ ಖಾಲಿ ಮಾಡಿಸಿ ಮೂರು ತಿಂಗಳಾದರೂ ಅಲ್ಲಿ ಬಂದು ವಾಸ ಮಾಡದಿದ್ದರೆ? ಬಾಡಿಗೆದಾರ ಮರಳಿ ಬರಬಹುದು ಅಥವಾ ಪರಿಹಾರ ಕೇಳಬಹುದು. ಇಂಗ್ಲೆಂಡಿನ ಹೊಸ ಕಾಯ್ದೆಯಲ್ಲೂ ಹೀಗೇ ಇದೆ. ಮಾರುತ್ತೇನೆ ಅಥವಾ ನಾನೇ ಇರುತ್ತೇನೆ ಅಂತ ಹೇಳಿ ಖಾಲಿ ಮಾಡಿಸಿದರೆ ಹನ್ನೆರಡು ತಿಂಗಳು ಆ ಮನೆಯನ್ನು ಬೇರೆಯವರಿಗೆ ಬಾಡಿಗೆಗೆ ಕೊಡುವಂತಿಲ್ಲ. ನಿಜವಾಗಿ ಮನೆ ಬೇಕಾದವರಿಗೆ ಇದರಿಂದ ಏನೂ ನಷ್ಟವಿಲ್ಲ, ಸುಳ್ಳು ಹೇಳುವವರಿಗೆ ಮಾತ್ರ ತೊಂದರೆ. ಮಾರಾಟದ ಬಗ್ಗೆ ಜರ್ಮನಿಯ ಕಾನೂನು ಇನ್ನೂ ಸರಳ. ಮನೆ ಕೈ ಬದಲಾದರೂ ಬಾಡಿಗೆ ಕರಾರು ಹಾಗೇ ಮುಂದುವರಿಯುತ್ತದೆ, ಕೊಂಡವರು ಹೊಸ ಮಾಲೀಕರಾಗಿ ಅದನ್ನು ಪಾಲಿಸಬೇಕು.

ಇನ್ನು ದೀರ್ಘಾವಧಿ ಕರಾರು ಬಾಡಿಗೆದಾರನಿಗೆ ಯಾವಾಗಲೂ ಒಳ್ಳೆಯದು ಅನ್ನುವ ನಂಬಿಕೆ. ಅದೂ ಪೂರ್ತಿ ಸರಿಯಲ್ಲ. ಮೂರು ವರ್ಷದ ಕರಾರಿಗೆ ಖುಷಿಯಿಂದ ಸಹಿ ಹಾಕಿ, ಮೂರನೇ ಪುಟದಲ್ಲಿ ಲಾಕ್-ಇನ್, ಅಂದರೆ ಇಷ್ಟು ಅವಧಿ ಮುಗಿಯುವ ಮುಂಚೆ ಬಿಟ್ಟು ಹೋಗುವಂತಿಲ್ಲ, ಅಂತ ಬರೆದಿದ್ದನ್ನು ಓದದೆ ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ. ಕೆಲಸ ಹೋಗುತ್ತದೆ, ವರ್ಗಾವಣೆ ಆಗುತ್ತದೆ, ಮನೆಯಲ್ಲಿ ವಯಸ್ಸಾದವರಿಗೆ ಹುಷಾರು ತಪ್ಪುತ್ತದೆ, ಗಂಡ ಹೆಂಡತಿ ಬೇರೆಯಾಗುತ್ತಾರೆ. ಹೊರಡೋಣ ಅಂದರೆ ಉಳಿದ ಅಷ್ಟೂ ತಿಂಗಳ ಬಾಡಿಗೆ ಕಟ್ಟಿ ಹೋಗಿ ಅನ್ನುತ್ತಾರೆ, ಇಲ್ಲವೇ ಅಡ್ವಾನ್ಸ್ ಪೂರ್ತಿ ಹಿಡಿದುಕೊಳ್ಳುತ್ತಾರೆ. ಇಂಥ ಕರಾರಿಗಿಂತ ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯೇ ವಾಸಿ.

ಸ್ಪೇನ್ ಇದಕ್ಕೂ ದಾರಿ ಮಾಡಿದೆ. ಆರು ತಿಂಗಳು ಕಳೆದ ಮೇಲೆ ಬಾಡಿಗೆದಾರ ಮೂವತ್ತು ದಿನದ ನೋಟಿಸ್ ಕೊಟ್ಟು ಹೊರಡಬಹುದು. ಕರಾರಿನಲ್ಲಿ ಬರೆದಿದ್ದರೆ ಮಾತ್ರ ಪರಿಹಾರ ಕೊಡಬೇಕು. ಅದೂ ಬಾಕಿ ಉಳಿದ ಪ್ರತಿ ವರ್ಷಕ್ಕೆ ಒಂದು ತಿಂಗಳ ಬಾಡಿಗೆಯ ಲೆಕ್ಕದಲ್ಲಿ. ಒಂದೂವರೆ ವರ್ಷ ಬಾಕಿ ಇದ್ದರೆ ಒಂದೂವರೆ ತಿಂಗಳ ಬಾಡಿಗೆ, ಅಷ್ಟೇ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಬಾಡಿಗೆದಾರ ಅವಧಿಗೆ ಮುಂಚೆ ಬಿಟ್ಟು ಹೋದರೆ ಮಾಲೀಕ ಕೈಕಟ್ಟಿ ಕೂತು ಉಳಿದ ಬಾಡಿಗೆ ಪೂರ್ತಿ ಕೇಳುವ ಹಾಗಿಲ್ಲ, ಹೊಸಬರನ್ನು ಹುಡುಕಲು ಪ್ರಾಮಾಣಿಕವಾಗಿ ಪ್ರಯತ್ನ ಮಾಡಲೇಬೇಕು. ಹೊಸಬರು ಬಂದ ದಿನದಿಂದ ಹಳಬನ ಹೊಣೆ ಇಳಿಯುತ್ತದೆ. ಇದು ತುಂಬ ನ್ಯಾಯವಾದ ನಿಯಮ ಅಂತ ನನಗನ್ನಿಸುತ್ತದೆ. ಒಂದೇ ಮನೆಗೆ ಇಬ್ಬರಿಂದ ಬಾಡಿಗೆ ವಸೂಲಿ ಮಾಡುವುದು ಯಾವ ಲೆಕ್ಕದಲ್ಲೂ ಸರಿ ಬರುವುದಿಲ್ಲ.

ಇಲ್ಲಿ ಮಾಲೀಕರು ಒಂದು ಮಾತು ಕೇಳುತ್ತಾರೆ. ಅವನು ತಿಂಗಳ ನೋಟಿಸ್ ಕೊಟ್ಟು ಹೋಗಬಹುದು, ನಾನು ಮಾತ್ರ ಐದು ವರ್ಷ ಕಟ್ಟುಬೀಳಬೇಕಾ, ಇದು ಯಾವ ಸಮಾನತೆ? ನ್ಯಾಯವಾದ ಪ್ರಶ್ನೆ, ಇದಕ್ಕೆ ನೇರ ಉತ್ತರ ಕೊಡಬೇಕು. ಇಬ್ಬರೂ ಕಳೆದುಕೊಳ್ಳುವುದು ಒಂದೇ ಅಲ್ಲ. ಬಾಡಿಗೆದಾರ ಹೋದರೆ ಮಾಲೀಕನಿಗೆ ಒಂದೆರಡು ತಿಂಗಳ ಆದಾಯ ಹೋಗುತ್ತದೆ, ಅದನ್ನು ನೋಟಿಸ್ ಅವಧಿ ಮತ್ತು ಪರಿಹಾರ ಸೇರಿ ಹೆಚ್ಚುಕಡಿಮೆ ತುಂಬುತ್ತವೆ. ಮಾಲೀಕ ಬಿಡಿಸಿದರೆ ಬಾಡಿಗೆದಾರನಿಗೆ ಮನೆ ಹೋಗುತ್ತದೆ, ಶಾಲೆ, ಕೆಲಸದ ದೂರ, ಅಕ್ಕಪಕ್ಕದವರ ಆಸರೆ ಎಲ್ಲವೂ ಒಟ್ಟಿಗೆ ಅಲುಗಾಡುತ್ತದೆ. ಹಾಗಾಗಿ ನೋಟಿಸ್ ಕೂಡ ಸಮ ಇರಬೇಕಿಲ್ಲ. ಜರ್ಮನಿಯಲ್ಲಿ ಇದನ್ನು ಚೆನ್ನಾಗಿ ಯೋಚಿಸಿ ಮಾಡಿದ್ದಾರೆ. ಬಾಡಿಗೆದಾರ ಎಷ್ಟೇ ವರ್ಷ ಇದ್ದಿರಲಿ, ಅವನು ಕೊಡಬೇಕಾದ ನೋಟಿಸ್ ಮೂರೇ ತಿಂಗಳು. ಮಾಲೀಕನದು ಮೂರು ತಿಂಗಳಿಂದ ಶುರುವಾಗಿ, ಬಾಡಿಗೆದಾರ ಐದು ವರ್ಷ ಇದ್ದಿದ್ದರೆ ಆರು ತಿಂಗಳಿಗೆ, ಎಂಟು ವರ್ಷ ಇದ್ದಿದ್ದರೆ ಒಂಬತ್ತು ತಿಂಗಳಿಗೆ ಏರುತ್ತದೆ. ಅದರ ಜೊತೆಗೆ ಸ್ವಂತಕ್ಕೆ ಬೇಕು ಅನ್ನುವಂಥ ಕಾನೂನು ಒಪ್ಪುವ ಕಾರಣವೂ ಬೇಕು. ಅವಧಿ ನಿಗದಿ ಮಾಡಿದ ಕರಾರು ಬೇಕಾದರೆ ಯಾಕೆ ಅಂತ ಮೊದಲೇ ಬರೆದು ಕೊಡಬೇಕು. ಆ ದೇಶದಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಬಾಡಿಗೆ ಮನೆಯಲ್ಲೇ ಇದ್ದಾರೆ. ಅಲ್ಲಿ ಬಾಡಿಗೆ ಮನೆ ಅಂದರೆ ಸ್ವಂತ ಮನೆ ಆಗುವವರೆಗಿನ ತಾತ್ಕಾಲಿಕ ಏರ್ಪಾಡು ಅಂತ ಯಾರೂ ನೋಡುವುದಿಲ್ಲ.

ನೆದರ್ಲೆಂಡ್ಸ್ ಕಥೆ ಇನ್ನೂ ಉಪಯುಕ್ತ, ಯಾಕಂದರೆ ಅವರು ಎರಡನ್ನೂ ಪ್ರಯತ್ನ ಮಾಡಿ ನೋಡಿದವರು. ಮೊದಲು ಅಲ್ಲಿ ಅವಧಿ ಇಲ್ಲದ ಕರಾರೇ ರೂಢಿ. 2016ರಲ್ಲಿ ಕಾನೂನು ಸಡಿಲ ಮಾಡಿ ಎರಡು ವರ್ಷದವರೆಗಿನ ತಾತ್ಕಾಲಿಕ ಕರಾರಿಗೆ ಅವಕಾಶ ಕೊಟ್ಟರು. ಬಾಡಿಗೆಗೆ ಜಾಸ್ತಿ ಮನೆಗಳು ಸಿಗಲಿ ಅನ್ನುವುದು ಉದ್ದೇಶ. ಅಪರೂಪಕ್ಕೆ ಅಂತ ತಂದಿದ್ದು ಬೇಗನೆ ಸಾಮಾನ್ಯ ಆಯಿತು. ಎರಡು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟುವ ಜನ ಹೆಚ್ಚಾದರು. 2024ರ ಜುಲೈ 1ರಿಂದ ಅವಧಿ ಇಲ್ಲದ ಕರಾರೇ ಮತ್ತೆ ನಿಯಮ ಆಯಿತು, ವಿದ್ಯಾರ್ಥಿಗಳಂಥ ಕೆಲವರಿಗೆ ಮಾತ್ರ ವಿನಾಯಿತಿ ಉಳಿಯಿತು. ಅದಾದ ಮೇಲೆ ಹಲವು ಮಾಲೀಕರು ಬಾಡಿಗೆ ಮನೆಗಳನ್ನು ಮಾರಿದರು, ಇದೂ ನಿಜವೇ, ಮುಚ್ಚಿಡುವುದಿಲ್ಲ. ಆದರೆ ಅದೇ ದಿನದಿಂದ ಅಲ್ಲಿ ಬಾಡಿಗೆಗೆ ಮಿತಿ ಹಾಕುವ ಇನ್ನೊಂದು ಕಾಯ್ದೆಯೂ ಬಂತು, ಬಾಡಿಗೆ ಮನೆಯ ಮೇಲಿನ ತೆರಿಗೆಯೂ ಆ ವರ್ಷಗಳಲ್ಲಿ ಏರಿತ್ತು. ಎಲ್ಲವನ್ನೂ ಕರಾರಿನ ಅವಧಿಯ ತಲೆಗೆ ಕಟ್ಟುವುದು ಸರಿಯಲ್ಲ. ಸರ್ಕಾರಗಳು ಇದರಿಂದ ಕಲಿಯಬೇಕಾದದ್ದು ಏನೆಂದರೆ, ಮೂರು ಬದಲಾವಣೆಗಳನ್ನು ಒಟ್ಟಿಗೆ ಚಿಕ್ಕ ಮಾಲೀಕರ ಮೇಲೆ ಹಾಕಬಾರದು.

ಸ್ಕಾಟ್ಲೆಂಡಿನಲ್ಲಿ 2017ರ ಡಿಸೆಂಬರ್‌ನಿಂದ ಹೊಸ ಖಾಸಗಿ ಬಾಡಿಗೆಗಳಿಗೆ ಮುಗಿಯುವ ದಿನಾಂಕವೇ ಇಲ್ಲ. ಬಾಡಿಗೆದಾರ 28 ದಿನದ ನೋಟಿಸ್ ಕೊಟ್ಟು ಹೋಗಬಹುದು.

ಕಾನೂನಿನ ಒಂದು ಸಣ್ಣ ಗೆರೆ ಕರಾರಿನ ಅವಧಿಯನ್ನೇ ಹೇಗೆ ತೀರ್ಮಾನ ಮಾಡಿಬಿಡುತ್ತದೆ ಅನ್ನುವುದಕ್ಕೆ ಭಾರತದ ಹನ್ನೊಂದು ತಿಂಗಳ ಅಗ್ರಿಮೆಂಟ್ ಉದಾಹರಣೆ. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕು. ಅದರ ಖರ್ಚು, ಓಡಾಟ ತಪ್ಪಿಸಲು ಜನ ಹನ್ನೊಂದಕ್ಕೆ ನಿಲ್ಲಿಸಿದರು. ಅಂದರೆ ಈ ಅವಧಿಯನ್ನು ಬಾಡಿಗೆದಾರನ ಅನುಕೂಲ ನೋಡಿ ಯಾರೂ ಆರಿಸಿದ್ದಲ್ಲ, ಮಾಲೀಕನ ಅನುಕೂಲ ನೋಡಿಯೂ ಅಲ್ಲ. ನೋಂದಣಿಯನ್ನು ಅಗ್ಗ ಮಾಡಿ, ಸುಲಭ ಮಾಡಿ. ಮೂರು ವರ್ಷದ ಕರಾರನ್ನು ಯಾರೂ ಬೇಡ ಅನ್ನುವುದಿಲ್ಲ. ನೋಂದಣಿಯಾಗದ ದೀರ್ಘಾವಧಿ ಕರಾರನ್ನು ಮಾತ್ರ ಯಾರೂ ನಂಬಿಕೊಳ್ಳಬೇಡಿ. ಜಗಳ ಬಂದಾಗ ಅದರ ಷರತ್ತುಗಳನ್ನು ಕೋರ್ಟಿನಲ್ಲಿ ಸಾಕ್ಷಿಯಾಗಿ ಬಳಸಲು ಆಗುವುದಿಲ್ಲ.

ಉಳಿಯುವ ಹಕ್ಕು ಗಟ್ಟಿ ಇದ್ದರೆ ಅವಧಿ ಎಷ್ಟು ಸಣ್ಣ ವಿಷಯ ಆಗುತ್ತದೆ ಅನ್ನುವುದನ್ನು ನ್ಯೂಯಾರ್ಕ್ ನಗರದಲ್ಲಿ ನೋಡಬಹುದು. ಅಲ್ಲಿ ಬಾಡಿಗೆ ನಿಯಂತ್ರಣಕ್ಕೆ ಒಳಪಟ್ಟ ಮನೆಗಳಲ್ಲಿ ಕರಾರು ನವೀಕರಿಸುವಾಗ ಒಂದು ವರ್ಷವೋ ಎರಡು ವರ್ಷವೋ ಅಂತ ಆರಿಸುವವನು ಬಾಡಿಗೆದಾರ. ಎರಡಕ್ಕೂ ಬಾಡಿಗೆ ಎಷ್ಟು ಏರಬಹುದು ಅಂತ ಒಂದು ಮಂಡಳಿ ಪ್ರತಿ ವರ್ಷ ಹೇಳುತ್ತದೆ. 2024ರ ಅಕ್ಟೋಬರ್‌ನಿಂದ ಶುರುವಾದ ಕರಾರುಗಳಿಗೆ ಒಂದು ವರ್ಷಕ್ಕೆ ನೂರಕ್ಕೆ 2.75, ಎರಡು ವರ್ಷಕ್ಕೆ 5.25. ಮುಂದಿನ ಅಕ್ಟೋಬರ್‌ನಲ್ಲಿ ಒಂದು ವರ್ಷದ ದರ ನೂರಕ್ಕೆ 3 ಆಯಿತು. ಲೆಕ್ಕ ಹಾಕಿದರೆ, ಎರಡು ವರ್ಷದ್ದು ಆರಿಸಿಕೊಂಡವನು ಒಂದೊಂದು ವರ್ಷ ಎರಡು ಸಲ ಮಾಡಿದವನಿಗಿಂತ ಒಟ್ಟಿನಲ್ಲಿ ಜಾಸ್ತಿ ಕೊಟ್ಟಿದ್ದು ಒಂದು ತಿಂಗಳ ಬಾಡಿಗೆಯ ಕಾಲು ಭಾಗಕ್ಕಿಂತ ಕಡಿಮೆ. ಯಾರೂ ಹೊರಗೆ ಹಾಕುವುದಿಲ್ಲ ಅಂತ ಗೊತ್ತಿದ್ದರೆ ಉಳಿಯುವುದು ಇಷ್ಟೇ ಇಷ್ಟು ಹಣದ ವ್ಯತ್ಯಾಸ. ನೆಮ್ಮದಿಗೆ ಕಾಲು ತಿಂಗಳ ಬಾಡಿಗೆ ಕೊಡಬೇಕಾ ಬೇಡವಾ ಅಂತ ಮನೆಯವರು ಕೂತು ತೀರ್ಮಾನ ಮಾಡಬಹುದು.

ಬಾಡಿಗೆ ಏರಿಕೆಯ ಷರತ್ತಿನ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ದೀರ್ಘಾವಧಿ ಕರಾರಿನಲ್ಲಿ ಬಾಡಿಗೆ ಪ್ರತಿ ವರ್ಷ ಬೆಲೆ ಏರಿಕೆಗೆ ತಕ್ಕಂತೆ ಏರುತ್ತದೆ ಅಂತ ಬರೆಯುವುದು ಹಲವು ಕಡೆ ವಾಡಿಕೆ. ಬೆಲೆಗಳು ನಿಧಾನಕ್ಕೆ ಏರುವಾಗ ಇದು ಇಬ್ಬರಿಗೂ ಸರಿ. 2022ರಲ್ಲಿ ಯುರೋಪಿನಲ್ಲಿ ಬೆಲೆಗಳು ಒಮ್ಮೆಲೇ ಏರಿದಾಗ ಇಂಥ ಕರಾರು ಮಾಡಿಕೊಂಡಿದ್ದವರೇ ಮೊದಲು ಸಿಕ್ಕಿಬಿದ್ದರು. ಸಂಬಳ ಅಷ್ಟು ಏರಲಿಲ್ಲ, ಬಾಡಿಗೆ ಏರಿತು. ಸ್ಪೇನ್ ಸರ್ಕಾರ ಆಗ ನಡುವೆ ಬಂದು ಏರಿಕೆಗೆ ನೂರಕ್ಕೆ 2ರ ಮಿತಿ ಹಾಕಬೇಕಾಯಿತು, 2024ಕ್ಕೆ ಅದನ್ನು 3 ಮಾಡಿತು. ಹಾಗಾಗಿ ಏರಿಕೆ ಬೆಲೆ ಸೂಚ್ಯಂಕಕ್ಕೆ ಜೋಡಿಸಿದ್ದರೂ ಮೇಲೆ ಒಂದು ಮಿತಿ ಇರಲೇಬೇಕು, ನೂರಕ್ಕೆ ಇಷ್ಟಕ್ಕಿಂತ ಜಾಸ್ತಿ ಇಲ್ಲ ಅಂತ. ಮಾಲೀಕರೂ ತಮ್ಮ ಕಡೆಯಿಂದ ಕೆಳಗೊಂದು ಮಿತಿ ಕೇಳಲಿ, ಅದೂ ನ್ಯಾಯವೇ. ಐದು ವರ್ಷ ಬಾಡಿಗೆ ಒಂದು ಕಾಸೂ ಏರುವುದಿಲ್ಲ ಅಂತ ಬರೆಸಿಕೊಳ್ಳುವ ಬಾಡಿಗೆದಾರರು ಗೆದ್ದೆವು ಅಂದುಕೊಳ್ಳುತ್ತಾರೆ. ಆಮೇಲೆ ಆ ಮನೆಯಲ್ಲಿ ಒಂದು ಕೊಳಾಯಿಯನ್ನೂ ಮಾಲೀಕ ಸರಿ ಮಾಡಿಸುವುದಿಲ್ಲ.

ಅಲ್ಪಾವಧಿ ಕರಾರು ನಿಜವಾಗಿ ಬೇಕಾದವರೂ ಇದ್ದಾರೆ. ಒಂದು ಓದಿಗೆ ಬಂದವರು, ಆರು ತಿಂಗಳ ಕೆಲಸಕ್ಕೆ ಬಂದವರು, ತರಬೇತಿಗೆ ಬಂದವರು, ಸ್ವಂತ ಮನೆ ರಿಪೇರಿ ಮುಗಿಯುವವರೆಗೆ ಜಾಗ ಹುಡುಕುವವರು. ಮಾಲೀಕರಲ್ಲೂ ಅಷ್ಟೇ, ಒಂದು ವರ್ಷ ಹೊರಗೆ ಹೋಗಿ ಮತ್ತೆ ಅದೇ ಮನೆಗೆ ಬರುವವರು ಇರುತ್ತಾರೆ. ಇವರನ್ನು ಐದು ವರ್ಷದ ಕರಾರಿಗೆ ದೂಡುವುದು ತಪ್ಪು. ಫ್ರಾನ್ಸ್ 2018ರಲ್ಲಿ ಇದಕ್ಕಂತಲೇ ಒಂದು ಬಗೆಯ ಕರಾರು ತಂದಿತು. ಸಾಮಾನು ಸಮೇತ ಇರುವ ಮನೆಗೆ ಮಾತ್ರ, ಒಂದರಿಂದ ಹತ್ತು ತಿಂಗಳಿಗೆ. ಬಾಡಿಗೆದಾರ ಓದು, ತರಬೇತಿ, ತಾತ್ಕಾಲಿಕ ಕೆಲಸದಂಥ ಕಾರಣ ತೋರಿಸಬೇಕು. ಮಾಲೀಕ ಅಡ್ವಾನ್ಸ್ ಕೇಳುವಂತಿಲ್ಲ, ಕರಾರನ್ನು ಮತ್ತೆ ಅದೇ ರೀತಿ ನವೀಕರಿಸುವಂತೆಯೂ ಇಲ್ಲ. ಸಾಮಾನಿಲ್ಲದೆ ಬಾಡಿಗೆಗೆ ಕೊಡುವ ಮನೆಗಳಿಗೆ ಅಲ್ಲಿ ಮೂರು ವರ್ಷ, ಮಾಲೀಕ ಸಂಸ್ಥೆಯಾದರೆ ಆರು ವರ್ಷ. ನನಗೆ ಇಷ್ಟವಾಗಿದ್ದು ಇದರ ಹಿಂದಿನ ಯೋಚನೆ. ಚಿಕ್ಕ ಕರಾರು ಚಿಕ್ಕ ಅವಧಿಯ ಅಗತ್ಯ ಇರುವವನಿಗೆ ಸಿಗಲಿ, ಹತ್ತು ವರ್ಷ ಅದೇ ಊರಲ್ಲಿ ಇರುವವನ ಮೇಲೆ ಅದನ್ನು ಹೇರುವುದು ಬೇಡ. ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಮನೆ ಕೊಡುವುದು ಬೇರೆಯೇ ವ್ಯಾಪಾರ, ಅದನ್ನು ಇದರ ಜೊತೆ ಕಲಸಬಾರದು.

ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲ. ಮಾಲೀಕರೂ ಬಾಡಿಗೆದಾರರೂ ಕೂತು ಮಾತಾಡಿದರೆ ಮುಕ್ಕಾಲು ಭಾಗ ಈಗಲೇ ಬರೆದುಕೊಳ್ಳಬಹುದು. ಮೂರು ವರ್ಷಕ್ಕೆ ಕರಾರು ಮಾಡಿ. ಮೊದಲ ಆರು ತಿಂಗಳು ಇಬ್ಬರೂ ಬಿಡುವಂತಿಲ್ಲ, ಆಮೇಲೆ ಬಾಡಿಗೆದಾರ ಎರಡು ತಿಂಗಳ ನೋಟಿಸ್ ಕೊಟ್ಟು ಹೋಗಬಹುದು. ಮಾಲೀಕನಿಗೆ ಸ್ವಂತ ವಾಸಕ್ಕೆ ಬೇಕಾದರೆ ನಾಲ್ಕೋ ಆರೋ ತಿಂಗಳ ನೋಟಿಸ್ ಇರಲಿ, ಆ ವರ್ಷದ ಶಾಲೆ ಮುಗಿಯುವವರೆಗೆ ಬಿಡಿಸುವಂತಿಲ್ಲ ಅಂತಲೂ ಸೇರಿಸಿ. ಬಾಡಿಗೆದಾರ ತನ್ನ ಜಾಗಕ್ಕೆ ತಕ್ಕ ಇನ್ನೊಬ್ಬರನ್ನು ತಂದುಕೊಟ್ಟರೆ ಪರಿಹಾರ ಕೇಳುವುದಿಲ್ಲ ಅಂತ ಒಂದು ಸಾಲು ಬರೆಯಿರಿ, ಇದರಿಂದ ಮಾಲೀಕನಿಗೂ ಬ್ರೋಕರ್ ಖರ್ಚು ಉಳಿಯುತ್ತದೆ. ಮಾಲೀಕರು ತೀರಿಕೊಂಡರೆ ಕರಾರು ಮಕ್ಕಳಿಗೆ ಅನ್ವಯಿಸುತ್ತದಾ, ಬಾಡಿಗೆದಾರ ತೀರಿಕೊಂಡರೆ ಹೆಂಡತಿ ಮಕ್ಕಳು ಅದೇ ಬಾಡಿಗೆಗೆ ಮುಂದುವರಿಯಬಹುದಾ? ಇದನ್ನು ಕೇಳಲು ಎಲ್ಲರಿಗೂ ಮುಜುಗರ. ಕೇಳಿ, ಬರೆದುಕೊಳ್ಳಿ. ಈ ಒಂದು ಸಾಲು ಇಲ್ಲದೆ ಸೂತಕದ ಮನೆಯಲ್ಲೇ ಖಾಲಿ ಮಾಡಿ ಅನ್ನಿಸಿಕೊಂಡ ಕುಟುಂಬಗಳಿವೆ.

ಅಡ್ವಾನ್ಸ್ ಬಗ್ಗೆ ಹೇಳದೆ ಮುಗಿಸಲಾರೆ. ಕರಾರು ದೀರ್ಘ ಆದಷ್ಟೂ ಅಡ್ವಾನ್ಸಿನ ಜಗಳ ದೊಡ್ಡದಾಗುತ್ತದೆ, ಯಾಕಂದರೆ ಐದು ವರ್ಷದಲ್ಲಿ ಗೋಡೆಯ ಬಣ್ಣ ಮಾಸುವುದು ಸಹಜ, ಅದನ್ನು ಬಾಡಿಗೆದಾರ ಹಾಳು ಮಾಡಿದ್ದು ಅಂತ ಲೆಕ್ಕ ಹಾಕುವವರೂ ಇದ್ದಾರೆ. ಬಳಕೆಯಿಂದ ಸವೆಯುವುದಕ್ಕೆ ಹಣ ಹಿಡಿಯುವುದಿಲ್ಲ, ಒಡೆದದ್ದು ಕೆಡಿಸಿದ್ದಕ್ಕೆ ಮಾತ್ರ ಅಂತ ಸ್ಪಷ್ಟವಾಗಿ ಬರೆಯಬೇಕು. ಮನೆಗೆ ಕಾಲಿಡುವ ದಿನವೇ ಇಬ್ಬರೂ ಸೇರಿ ಪ್ರತಿ ಕೋಣೆಯ ಫೋಟೋ ತೆಗೆದು, ದಿನಾಂಕ ಹಾಕಿ, ಕರಾರಿನ ಜೊತೆ ಇಡಬೇಕು. ಖಾಲಿ ಮಾಡಿದ ಎಷ್ಟು ದಿನದೊಳಗೆ ಅಡ್ವಾನ್ಸ್ ವಾಪಸ್ ಬರಬೇಕು, ತಡವಾದರೆ ಬಡ್ಡಿ ಎಷ್ಟು ಅನ್ನುವುದೂ ಅದೇ ಪುಟದಲ್ಲಿರಲಿ.

ಇಂತಿ,
ನಿಮ್ಮ ಪತ್ರಿಕೆಯ ಒಬ್ಬ ಓದುಗ